ಆನೆಮುಂಗಿನ ಫ್ಲೇವನಾಯ್ಡ್ ಲೆಕ್ಕ ತಾಳೆಯಾಗದಿದ್ದಾಗ: ಕಾಡುಮರ, ಅಂಗಾಂಶ ಕೃಷಿ, ಎಚ್‌ಪಿಎಲ್‌ಸಿ – ದೋಷ ಹುಡುಕುವ ಬಗೆ

ಆನೆಮುಂಗು, ತಿಗಡು ಎಂದು ಕರೆಯುವ ಓರಾಕ್ಸಿಲಂ ಇಂಡಿಕಂ ಮರ ದಶಮೂಲದ ಹತ್ತರಲ್ಲಿ ಒಂದು. ಆಯುರ್ವೇದದ ಶ್ಯೋನಾಕ ಇದೇ. ಔಷಧಕ್ಕೆ ಬೇಕಾದದ್ದು ಬೇರು; ಬೇರು ಅಗೆದ ಮೇಲೆ ಮರ ಉಳಿಯುವುದು ಕಷ್ಟ. ಅದಕ್ಕೇ ಇದನ್ನು ಅಂಗಾಂಶ ಕೃಷಿಯಿಂದ, ಅಂದರೆ ಗಿಡದ ಚೂರಿನಿಂದ ಬಾಟಲಿಯಲ್ಲಿ ಬೆಳೆಸುವ ಪ್ರಯತ್ನಗಳು ನಡೆದಿವೆ. ಬಾಟಲಿಯ ಗಿಡದಲ್ಲೂ ಕಾಡುಮರದಲ್ಲಿರುವ ಸತ್ವ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಎಚ್‌ಪಿಎಲ್‌ಸಿ, ಅಂದರೆ ಸಾರದಲ್ಲಿ ಬೆರೆತ ವಸ್ತುಗಳನ್ನು ಬೇರ್ಪಡಿಸಿ ಒಂದೊಂದನ್ನೂ ಅಳೆಯುವ ಯಂತ್ರ. ಅಳೆಯುವುದು ಮುಖ್ಯವಾಗಿ ಗಿಡ ತಯಾರಿಸುವ ನಾಲ್ಕು ಫ್ಲೇವನಾಯ್ಡ್‌ಗಳನ್ನು: ಬೈಕಾಲಿನ್, ಬೈಕಾಲೆಯಿನ್, ಕ್ರೈಸಿನ್, ಓರಾಕ್ಸಿಲಿನ್-ಎ. ಮೊದಲೆರಡರ ಹೆಸರು ಒಂದೇ ಥರ ಕೇಳಿಸುತ್ತದೆ, ಆದರೆ ಬೈಕಾಲಿನ್ ಎಂದರೆ ಬೈಕಾಲೆಯಿನ್‌ಗೆ ಗ್ಲುಕುರೋನಿಕ್ ಆಮ್ಲ ಅಂಟಿಕೊಂಡ ರೂಪ. ಈ ವ್ಯತ್ಯಾಸ ನೆನಪಿನಲ್ಲಿರಲಿ, ಮುಂದಿನ ಅರ್ಧ ತೊಂದರೆಗಳು ಇಲ್ಲಿಂದಲೇ ಹುಟ್ಟುತ್ತವೆ.

ಅಂಕಿ ಸರಿಬರದಿದ್ದರೆ ಎಲ್ಲರೂ ಮೊದಲು ಪಂಪು ಬಿಚ್ಚಲು ಹೋಗುತ್ತಾರೆ. ದಯವಿಟ್ಟು ಬೇಡ. ಬೇರು ಅಗೆದ ಗಳಿಗೆಯಿಂದ ಸಾರ ವಯಲ್‌ಗೆ ಬೀಳುವವರೆಗಿನ ದಾರಿಯಲ್ಲೇ ಹೆಚ್ಚಿನ ತಪ್ಪು ಅಡಗಿರುತ್ತದೆ. ತಪ್ಪು ಯಂತ್ರದ್ದೋ, ಸಾರದ್ದೋ, ಅಥವಾ ತಪ್ಪೇ ಇಲ್ಲದೆ ಗಿಡದ ನಿಜವಾದ ಗುಣವೋ ಎಂದು ಬೇರ್ಪಡಿಸಿ ನೋಡುವುದೇ ಈ ಬರಹದ ಕೆಲಸ.

ಇಲ್ಲಿ ಊಹಿಸಿಕೊಂಡಿರುವ ಏರ್ಪಾಡು ಸಾಮಾನ್ಯವಾದದ್ದು: 250 ಮಿಲಿಮೀಟರ್ ಉದ್ದ, 4.6 ಮಿಲಿಮೀಟರ್ ಒಳವ್ಯಾಸ, 5 ಮೈಕ್ರಾನ್ ಕಣಗಳ ಸಿ-18 ಕಾಲಂ (ವಸ್ತುಗಳು ಬೇರ್ಪಡುವ ಕೊಳವೆ), ಶೇ. 0.1 ಫಾರ್ಮಿಕ್ ಆಮ್ಲ ಬೆರೆಸಿದ ನೀರು, ಜೊತೆಗೆ ಮೆಥನಾಲ್ ಇಲ್ಲವೇ ಅಸಿಟೋನೈಟ್ರೈಲ್. ಕಾಲಂ ಮೂಲಕ ಹರಿಯುವ ಈ ಮಿಶ್ರಣವೇ ಮೊಬೈಲ್ ಫೇಸ್; ರನ್ ಉದ್ದಕ್ಕೂ ಅದರ ಪಾಲು ಬದಲಿಸುತ್ತಾ ಹೋಗುವುದು ಗ್ರೇಡಿಯೆಂಟ್. ನಿಮಿಷಕ್ಕೆ 1 ಮಿಲಿಲೀಟರ್ ಹರಿವು. 275 ನ್ಯಾನೊಮೀಟರ್ ಆಸುಪಾಸಿನಲ್ಲಿ ಯುವಿ ಡಿಟೆಕ್ಟರ್. ಅದು ಎಳೆಯುವ ಗೆರೆಯೇ ಬೇಸ್‌ಲೈನ್; ವಸ್ತುವೊಂದು ಹಾದುಹೋದಾಗ ಆ ಗೆರೆ ಏರಿ ಇಳಿಯುವುದು ಪೀಕ್.

ಯಾವ ಲಕ್ಷಣವೇ ಇರಲಿ, ಮೊದಲು ಎರಡು ಇಂಜೆಕ್ಷನ್

ಒಂದು ಬ್ಲ್ಯಾಂಕ್, ಒಂದು ಸ್ಟ್ಯಾಂಡರ್ಡ್. ಸ್ಟ್ಯಾಂಡರ್ಡ್ ಎಂದರೆ ಗೊತ್ತಿರುವ ಪ್ರಮಾಣದ ಶುದ್ಧ ಫ್ಲೇವನಾಯ್ಡ್ ದ್ರಾವಣ. ಬ್ಲ್ಯಾಂಕ್ ಎಂದರೆ ಬರೀ ಮೆಥನಾಲ್ ಅಲ್ಲ. ಗಿಡದ ಚೂರೊಂದನ್ನು ಬಿಟ್ಟು, ಉಳಿದೆಲ್ಲ ಹಂತ ದಾಟಿ ಬಂದ ದ್ರಾವಣ. ಅದೇ ಟ್ಯೂಬು, ಅದೇ ಸಾನಿಕೇಟರ್ (ಶಬ್ದತರಂಗದಿಂದ ಅಲುಗಿಸುವ ತೊಟ್ಟಿ), ಅದೇ ಫಿಲ್ಟರ್. ಅಂಗಾಂಶ ಕೃಷಿಯ ಮಾದರಿಗೆ ಇನ್ನೊಂದು ಬ್ಲ್ಯಾಂಕ್ ಬೇಕು: ಗಿಡ ಇಡದ ಖಾಲಿ ಮಾಧ್ಯಮದ ಸಾರ. ಮಾಧ್ಯಮಕ್ಕೆ ಹಾಕುವ ಬಿಎಪಿ, ಕೈನೆಟಿನ್, 2,4-ಡಿ ಎಂಬ ಬೆಳವಣಿಗೆ ಪ್ರಚೋದಕಗಳೆಲ್ಲ 265ರಿಂದ 285 ನ್ಯಾನೊಮೀಟರ್‌ನ ಸುಮಾರಿಗೇ ಬೆಳಕು ಹೀರುತ್ತವೆ. ಅವುಗಳ ಪೀಕನ್ನು ಫ್ಲೇವನಾಯ್ಡ್ ಎಂದು ಎಣಿಸುವ ಅಪಾಯ ಇರುವುದು ಇಲ್ಲಿ.

ಸ್ಟ್ಯಾಂಡರ್ಡ್ ಹಿಂದಿನ ವಾರದಂತೆಯೇ, ಅದೇ ಸಮಯಕ್ಕೆ, ಅದೇ ವಿಸ್ತೀರ್ಣದಲ್ಲಿ ಬಂದರೆ ಯಂತ್ರ ಚೆನ್ನಾಗಿದೆ. ಸ್ಪ್ಯಾನರ್ ಕೆಳಗಿಡಿ, ಸಾರದ ಕಡೆ ತಿರುಗಿ. ಸ್ಟ್ಯಾಂಡರ್ಡೇ ಕೆಟ್ಟು ಬಂದರೆ ಸಾರವನ್ನು ಮುಟ್ಟಬೇಡಿ. ಒಂದೇ ವಯಲ್‌ನಿಂದ ಆರು ಸಲ ಇಂಜೆಕ್ಟ್ ಮಾಡಿದಾಗ ವಿಸ್ತೀರ್ಣದ ಏರುಪೇರು ಶೇ. 2ರೊಳಗೆ ಇದ್ದರೆ ಮಾತ್ರ ಕಾಡುಮರ–ಬಾಟಲಿ ಗಿಡಗಳ ಹೋಲಿಕೆಗೆ ಕೈ ಹಾಕಬಹುದು.

ಪ್ರೆಷರ್ ಏರುತ್ತಲೇ ಇದೆ

ಮೊದಲು ನೋಡಬೇಕಾದದ್ದು ಮೊಬೈಲ್ ಫೇಸ್. ಮೆಥನಾಲ್ ಮತ್ತು ನೀರು ಹೆಚ್ಚುಕಡಿಮೆ ಸಮಪಾಲಾದಾಗ ಮಿಶ್ರಣ ಅತಿ ಮಂದವಾಗಿರುತ್ತದೆ. ಗ್ರೇಡಿಯೆಂಟ್‌ನ ನಡುವೆ ಪ್ರೆಷರ್ ಏರಿ ಮತ್ತೆ ಇಳಿದರೆ ಅದು ದೋಷವಲ್ಲ. ಪ್ರತಿ ರನ್‌ಗೂ ಆರಂಭದ ಪ್ರೆಷರೇ ಹೆಚ್ಚುತ್ತಾ ಹೋದರೆ ಎಲ್ಲೋ ಕಟ್ಟಿಕೊಂಡಿದೆ ಎಂದರ್ಥ.

ಕಾಸು ಖರ್ಚಿಲ್ಲದ ಒಂದು ಪರೀಕ್ಷೆ: ಗಾಜಿನ ಕೊಳವೆಯಲ್ಲಿ ಒಂದು ಪಾಲು ಸಾರಕ್ಕೆ ರನ್ ಆರಂಭದ ಮೊಬೈಲ್ ಫೇಸನ್ನು ಹತ್ತು ಪಾಲು ಸೇರಿಸಿ, ಬೆಳಕಿಗೆ ಹಿಡಿಯಿರಿ. ಮಸುಕಾದರೆ ಕಾಲಂ ಒಳಗೂ ಅದೇ ಆಗುತ್ತಿದೆ. ಬಲಿತ ತೊಗಟೆಯ ಸಾರದಲ್ಲಿ ಮೇಣ, ಟ್ಯಾನಿನ್ ಇರುತ್ತವೆ. ನೀರು ಹೆಚ್ಚಾದ ಕೂಡಲೇ ಮೇಣದಂಥವು ಗಟ್ಟಿಯಾಗುತ್ತವೆ. ಕ್ಯಾಲಸ್, ಅಂದರೆ ಬಾಟಲಿಯಲ್ಲಿ ಬೆಳೆಯುವ, ಇನ್ನೂ ಬೇರು-ಎಲೆ ಮೂಡದ ಜೀವಕೋಶಗಳ ಮುದ್ದೆ; ಅದರ ಸಾರದ್ದು ಇದಕ್ಕೆ ಉಲ್ಟಾ ಕಥೆ. ಅಗರ್‌ನ ಚೂರು, ಸಸ್ಯದ ಲೋಳೆ ನೀರಿನಲ್ಲಿ ಸುಮ್ಮನಿದ್ದು, ಅಸಿಟೋನೈಟ್ರೈಲ್ ಹೆಚ್ಚಾದಾಗ ಕೂರುತ್ತವೆ. ಅದಕ್ಕೆ ಕೊನೆಯ ಹಂತದ ಮೊಬೈಲ್ ಫೇಸ್‌ನಲ್ಲೂ ಇದೇ ಪರೀಕ್ಷೆ ಮಾಡಿ.

ಆಮೇಲೆ ಹುಡುಕಾಟ ಡಿಟೆಕ್ಟರ್ ತುದಿಯಿಂದ ಹಿಂದಕ್ಕೆ ಸಾಗಲಿ. ಹರಿವು ನಿಲ್ಲಿಸಿ, ಪ್ರೆಷರ್ ಸೊನ್ನೆಗೆ ಇಳಿದ ಮೇಲೆಯೇ ಫಿಟ್ಟಿಂಗ್ ಬಿಚ್ಚಿ, ಕನ್ನಡಕ ಹಾಕಿಕೊಂಡು. ಕಾಲಂ ತೆಗೆದು ಅದರ ಜಾಗದಲ್ಲಿ ಯೂನಿಯನ್ (ಎರಡು ನಳಿಕೆ ಜೋಡಿಸುವ ತುಂಡು) ಕೂರಿಸಿದಾಗ ಪ್ರೆಷರ್ ಕೆಲವೇ ಬಾರ್‌ಗೆ ಕುಸಿದರೆ ಕಟ್ಟಿರುವುದು ಕಾಲಂ ಅಥವಾ ಅದರ ಮುಂದೆ ಕೂತು ಅದನ್ನು ಕಾಯುವ ಸಣ್ಣ ಗಾರ್ಡ್ ಕಾಲಂ. ಗಾರ್ಡನ್ನು ಮೊದಲು ಬದಲಿಸಿ, ಅದು ಅಗ್ಗ. ಕಾಲಂ ತೆಗೆದರೂ ಪ್ರೆಷರ್ ಇಳಿಯದಿದ್ದರೆ ಇನ್‌ಲೈನ್ ಫಿಲ್ಟರ್, ಇಂಜೆಕ್ಟರ್ ಅಥವಾ ಸಣ್ಣ ನಳಿಕೆ ಕಟ್ಟಿದೆ. ಕಾಲಮನ್ನು ತಿರುಗಿಸಿ ತೊಳೆಯುವುದು ಅದರ ತಯಾರಕರು ಒಪ್ಪಿದ್ದರೆ ಮಾತ್ರ, ಅದೂ ಡಿಟೆಕ್ಟರ್‌ನಿಂದ ಬಿಡಿಸಿ.

ಪ್ರೆಷರ್ ಮುಳ್ಳು ಕುಣಿಯುತ್ತಿದ್ದರೆ ಗಾಳಿಗುಳ್ಳೆ ಅಥವಾ ಚೆಕ್ ವಾಲ್ವ್. ದ್ರಾವಕದೊಳಗಿನ ಗಾಳಿ ತೆಗೆಯಿರಿ (ಡಿಗ್ಯಾಸ್), ದ್ರಾವಕ ಜೋರಾಗಿ ಹರಿಸಿ ಗುಳ್ಳೆ ಹೊರಹಾಕಿ (ಪರ್ಜ್). ನಿಲ್ಲದಿದ್ದರೆ ಚೆಕ್ ವಾಲ್ವನ್ನು ಮೆಥನಾಲ್‌ನಲ್ಲಿ ಸಾನಿಕೇಟ್ ಮಾಡಿ. ಪ್ರೆಷರ್ ಎಂದಿಗಿಂತ ಕಡಿಮೆ ಇದ್ದರೆ ಸೋರಿಕೆ. ಒಣ ಟಿಶ್ಯೂ ಪೇಪರನ್ನು ಒಂದೊಂದೇ ಜೋಡಣೆಗೆ ಸುತ್ತಿ ನೋಡಿದರೆ ಐದು ನಿಮಿಷದಲ್ಲಿ ಸಿಗುತ್ತದೆ.

ಬೇಸ್‌ಲೈನ್ ನಿಲ್ಲುತ್ತಿಲ್ಲ, ಇಲ್ಲದ ಪೀಕ್‌ಗಳು ಬರುತ್ತಿವೆ

ಗಾಜಿನ ಸಾಮಾನನ್ನು ಅಸಿಟೋನಿನಲ್ಲಿ ತೊಳೆದಿದ್ದೀರಾ? ಅಸಿಟೋನ್ ಬೆಳಕು ಹೀರುವುದು 265–275 ನ್ಯಾನೊಮೀಟರ್ ಸುಮಾರಿನಲ್ಲಿ, ಅಂದರೆ ನಾವು ನೋಡುತ್ತಿರುವ ಜಾಗದಲ್ಲೇ. ಒಂದು ಹನಿ ಉಳಿದಿದ್ದರೂ ರನ್‌ನ ಆರಂಭದಲ್ಲಿ ಪೀಕ್ ಎದ್ದು ನಿಲ್ಲುತ್ತದೆ. ರನ್‌ನ ಕೊನೆಯಲ್ಲಿ ಬರುವ ಅಪರಿಚಿತ ಪೀಕ್ ಪ್ಲಾಸ್ಟಿಕ್‌ನಿಂದ ಇಳಿದ ಥ್ಯಾಲೇಟ್ ಇರಬಹುದು. ಸಾರವನ್ನು ಪ್ಲಾಸ್ಟಿಕ್ ಟ್ಯೂಬಿನಲ್ಲಿ ರಾತ್ರಿಯಿಡೀ ಇಟ್ಟಿದ್ದರೆ, ಪ್ಯಾರಾಫಿಲ್ಮ್ ಮೆಥನಾಲ್‌ಗೆ ತಾಗಿದ್ದರೆ ಗಾಜಿಗೆ ಬದಲಾಯಿಸಿ ನೋಡಿ.

ಬ್ಲ್ಯಾಂಕ್‌ನಲ್ಲಿ ಕ್ರೈಸಿನ್‌ನ ಜಾಗದಲ್ಲೇ ಸಣ್ಣ ಪೀಕ್ ಕಂಡರೆ ಅದು ಹಿಂದಿನ ಇಂಜೆಕ್ಷನ್‌ನ ಉಳಿಕೆ. ಕ್ರೈಸಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಸೂಜಿ ತೊಳೆಯುವ ದ್ರಾವಣದಲ್ಲಿ ನೀರೇ ಹೆಚ್ಚಿದ್ದರೆ ಅದು ಅಂಟಿಕೊಂಡೇ ಇರುತ್ತದೆ, ಮೆಥನಾಲ್ ಹೆಚ್ಚಿಸಿ.

ಗ್ರೇಡಿಯೆಂಟ್ ಜೊತೆ ಬೇಸ್‌ಲೈನ್ ನಿಧಾನ ಏರಿಳಿದರೆ ಅದು ಮೊಬೈಲ್ ಫೇಸ್‌ನ ಗುಣ. ಬೇಸ್‌ಲೈನ್ ಸಣ್ಣಗೆ ನಡುಗುತ್ತಲೇ ಇದ್ದು ಆ ‘ಸದ್ದು’ (ನಾಯ್ಸ್) ಹೆಚ್ಚಿದ್ದರೆ ಡಿಟೆಕ್ಟರ್‌ನ ಲ್ಯಾಂಪ್ ಎಷ್ಟು ಗಂಟೆ ಉರಿದಿದೆ ನೋಡಿ. ಡ್ಯೂಟೀರಿಯಂ ಲ್ಯಾಂಪ್‌ನ ಆಯುಸ್ಸು ಸಾಮಾನ್ಯವಾಗಿ 1000ದಿಂದ 2000 ಗಂಟೆ. ಉರಿಯುತ್ತಿರುವ ಲ್ಯಾಂಪನ್ನು ಬರಿಗಣ್ಣಿನಲ್ಲಿ ನೋಡಬಾರದು, ಆರಿಸಿದ ತಕ್ಷಣ ಮುಟ್ಟಲೂಬಾರದು.

ಪೀಕ್‌ಗಳ ಸಮಯ ಜರುಗುತ್ತಿದೆ

ಎಲ್ಲ ಪೀಕ್‌ಗಳೂ ಒಟ್ಟಿಗೆ ಜರುಗಿದರೆ ಒಂದು ಅರ್ಥ, ಒಂದೇ ಪೀಕ್ ಜರುಗಿದರೆ ಬೇರೆಯೇ ಅರ್ಥ.

ಎಲ್ಲವೂ ಜರುಗಿದ್ದರೆ ಹರಿವು ಅಳೆಯಿರಿ: ಡಿಟೆಕ್ಟರ್‌ನಿಂದ ಹೊರಬರುವುದನ್ನು 10 ಮಿಲಿಲೀಟರ್ ಫ್ಲಾಸ್ಕಿನಲ್ಲಿ ಹಿಡಿದರೆ ಸರಿಯಾಗಿ 10 ನಿಮಿಷ ಹಿಡಿಯಬೇಕು. ಅದು ಸರಿಯಿದ್ದರೆ ಕೋಣೆಯ ಉಷ್ಣತೆ. ಕಾಲಂ ಅವನ್ ಇಲ್ಲದ ಪ್ರಯೋಗಾಲಯದಲ್ಲಿ ಮಾರ್ಚ್ ತಿಂಗಳ ಬೆಳಗಿಗೂ ಮಧ್ಯಾಹ್ನಕ್ಕೂ ಇರುವ ಅಂತರ ಸಾಕು. ಪ್ರತಿ ಡಿಗ್ರಿಗೆ ಶೇ. 1–2ರಷ್ಟು ಸಮಯ ಬದಲಾಗುತ್ತದೆ. ಮತ್ತೊಂದು ಕಾರಣ ಅವಸರ. ಈ ಅಳತೆಯ ಕಾಲಂ ಒಳಗೆ ಸುಮಾರು 2.5 ಮಿಲಿಲೀಟರ್ ದ್ರಾವಣ ಹಿಡಿಯುತ್ತದೆ. ಗ್ರೇಡಿಯೆಂಟ್ ಮುಗಿದ ಮೇಲೆ ಅದರ ಹತ್ತು ಪಟ್ಟು, ಅಂದರೆ 25 ನಿಮಿಷ ಹರಿಸದೆ ಮುಂದಿನ ಇಂಜೆಕ್ಷನ್ ಕೊಟ್ಟರೆ ಸಮಯ ನಿಲ್ಲುವುದಿಲ್ಲ.

ಬೈಕಾಲಿನ್ ಒಂದೇ ಮುಂದೆ ಓಡಿ ಬಂದು, ಕ್ರೈಸಿನ್ ತನ್ನ ಜಾಗದಲ್ಲೇ ಇದ್ದರೆ ನೇರವಾಗಿ ಆಮ್ಲದ ಬಾಟಲಿಗೆ ಹೋಗಿ. ಬೈಕಾಲಿನ್‌ನಲ್ಲಿ ಕಾರ್ಬಾಕ್ಸಿಲಿಕ್ ಆಮ್ಲದ ಗುಂಪು ಇದೆ, ಕ್ರೈಸಿನ್‌ನಲ್ಲಿ ಇಲ್ಲ. ಪಿಎಚ್ ತುಸು ಏರಿದರೂ ಬೈಕಾಲಿನ್ ವಿದ್ಯುದಂಶ ಹೊತ್ತು ಕಾಲಂನಿಂದ ಬೇಗ ಹೊರಬೀಳುತ್ತದೆ. ಫಾರ್ಮಿಕ್ ಆಮ್ಲ ಹಾಕಲು ಮರೆತಿರಬಹುದು, ಹಳೆಯ ದ್ರಾವಣವಿರಬಹುದು. ಬರೀ ನೀರಿನ ಬಾಟಲಿಯನ್ನು ವಾರಗಟ್ಟಲೆ ಇಡಬೇಡಿ. ನಮ್ಮ ಸೆಕೆಗೆ ಅದರಲ್ಲಿ ಬೇಗ ಪಾಚಿ, ಬ್ಯಾಕ್ಟೀರಿಯಾ ಬೆಳೆದು ಫಿಲ್ಟರ್ ಕಟ್ಟುತ್ತದೆ.

ಪೀಕ್ ಸೀಳಿದೆ, ಬಾಲ ಎಳೆದಿದೆ

ಆರಂಭದ ಪೀಕ್‌ಗಳು ಮಾತ್ರ ಸೀಳಿದ್ದರೆ ಇಂಜೆಕ್ಟ್ ಮಾಡಿದ ದ್ರಾವಕ ಮೊಬೈಲ್ ಫೇಸ್‌ಗಿಂತ ಬಲವಾಗಿದೆ. ಶುದ್ಧ ಮೆಥನಾಲ್‌ನ 20 ಮೈಕ್ರೊಲೀಟರ್ ಬದಲು 5 ಮೈಕ್ರೊಲೀಟರ್ ಕೊಟ್ಟು ನೋಡಿ. ಆಕಾರ ಸರಿಹೋದರೆ ಕಾರಣ ಅದೇ. ಸಾರವನ್ನು ಸ್ವಲ್ಪ ನೀರಿನಿಂದ ತೆಳುಮಾಡಬಹುದು, ಆದರೆ ಕ್ರೈಸಿನ್ ಗಟ್ಟಿಯಾಗಿ ಇಳಿಯದಷ್ಟು ಮಾತ್ರ. ಎಲ್ಲ ಪೀಕ್‌ಗಳೂ ಸೀಳಿದ್ದರೆ ಕಾಲಂನ ಬಾಯಿಯಲ್ಲಿ ಗುಳಿ ಬಿದ್ದಿದೆ ಅಥವಾ ಅಲ್ಲಿನ ಸೋಸುಬಿಲ್ಲೆ (ಫ್ರಿಟ್) ಅರ್ಧ ಕಟ್ಟಿದೆ. ಎಲ್ಲಕ್ಕೂ ಬಾಲವಿದ್ದರೆ ಫಿಟ್ಟಿಂಗ್ ಸರಿಯಾಗಿ ಕೂತಿಲ್ಲ.

ಬೈಕಾಲೆಯಿನ್‌ಗೆ ಮಾತ್ರ ಬಾಲವಿದ್ದರೆ ಅದರ ರಚನೆ ನೋಡಿ. ಒಂದರ ಪಕ್ಕ ಒಂದು ಮೂರು ಹೈಡ್ರಾಕ್ಸಿಲ್ ಗುಂಪುಗಳು, ಪಕ್ಕದಲ್ಲೇ ಕೀಟೋನ್. ಲೋಹದ ಅಯಾನು ಸಿಕ್ಕರೆ ಬಿಗಿಯಾಗಿ ಹಿಡಿದುಕೊಳ್ಳುವ ರಚನೆ ಅದು. ಹಳೆಯ ಸಿಲಿಕಾದ, ಲೋಹದ ಅಂಶ ಉಳಿದ ಕಾಲಂನಲ್ಲಿ ಬಾಲ ಬಂದೇ ಬರುತ್ತದೆ. ಆಮ್ಲ ಸರಿಯಿದೆಯೇ ನೋಡಿ, ಆಮೇಲೆ ಹೆಚ್ಚು ಶುದ್ಧ ಸಿಲಿಕಾದ ಕಾಲಂ.

ಬೆಳಗ್ಗೆ ಇದ್ದ ಬೈಕಾಲೆಯಿನ್ ಸಂಜೆಗೆ ಇಲ್ಲ

ಈ ಕೆಲಸದಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಲಕ್ಷಣ ಇದು. ಬೆಳಗ್ಗೆ ಕಾಡುಮರದ ಮಾದರಿ, ಮಧ್ಯಾಹ್ನದ ಮೇಲೆ ಬಾಟಲಿ ಗಿಡದ ಮಾದರಿ ಎಂದು ಸಾಲಾಗಿ ಹಾಕಿದವರಿಗೆ ಬಾಟಲಿ ಗಿಡದಲ್ಲಿ ಸತ್ವ ಕಡಿಮೆ ಎಂಬ ಉತ್ತರ ಬರುತ್ತದೆ. ಆ ಉತ್ತರ ಗಿಡದ್ದಲ್ಲ, ಗಡಿಯಾರದ್ದು.

ಬೈಕಾಲೆಯಿನ್ ಸುಲಭವಾಗಿ ಆಕ್ಸಿಡೀಕರಣಗೊಳ್ಳುತ್ತದೆ. ಆಮ್ಲೀಯ ದ್ರಾವಣದಲ್ಲಿ ತಡೆದುಕೊಳ್ಳುತ್ತದೆ. ಪಿಎಚ್ 7ರ ಹತ್ತಿರ, ಅದಕ್ಕೂ ಮೇಲೆ ಬೇಗ ಹಾಳಾಗುತ್ತದೆ. ಪತ್ತೆಗೆ ಕ್ರೈಸಿನ್ ಸಹಾಯಕ್ಕೆ ಬರುತ್ತದೆ. ಆರನೆಯ ಇಂಗಾಲದ ಮೇಲೆ ಬೈಕಾಲೆಯಿನ್‌ಗಿರುವ ಹೈಡ್ರಾಕ್ಸಿಲ್ ಕ್ರೈಸಿನ್‌ಗೆ ಇಲ್ಲ, ಆದ್ದರಿಂದ ಅದು ಗಟ್ಟಿ. ಒಂದೇ ವಯಲ್‌ನಲ್ಲಿ ಎರಡರ ಸ್ಟ್ಯಾಂಡರ್ಡ್ ಬೆರೆಸಿ ಎರಡು ಗಂಟೆಗೊಮ್ಮೆ ಇಂಜೆಕ್ಟ್ ಮಾಡಿ. ಕ್ರೈಸಿನ್ ಹಾಗೇ ಇದ್ದು ಬೈಕಾಲೆಯಿನ್ ಮಾತ್ರ ಇಳಿದರೆ ಆಕ್ಸಿಡೀಕರಣ. ಎರಡೂ ಒಂದೇ ಪ್ರಮಾಣದಲ್ಲಿ ಇಳಿದರೆ ಇಂಜೆಕ್ಟರ್ ಪೂರ್ತಿ ಎಳೆಯುತ್ತಿಲ್ಲ. ಎರಡೂ ಏರಿದರೆ ವಯಲ್‌ನ ಮುಚ್ಚಳ ಸಡಿಲವಾಗಿ ಮೆಥನಾಲ್ ಆರಿಹೋಗುತ್ತಿದೆ. ಇಂಜೆಕ್ಟರ್ ಮೇಲಿನ ಸಂಶಯಕ್ಕೆ ತಕ್ಕಡಿ ಸಾಕು: ನೀರು ತುಂಬಿದ ವಯಲನ್ನು ತೂಗಿ, 20 ಮೈಕ್ರೊಲೀಟರ್‌ನಂತೆ ಹತ್ತು ಸಲ ಎಳೆಸಿ, ಮತ್ತೆ ತೂಗಿ. 0.2 ಗ್ರಾಂ ಕಡಿಮೆಯಾಗಿರಬೇಕು.

ಆಕ್ಸಿಡೀಕರಣ ಎಂದು ಖಚಿತವಾದರೆ ಸಾರ ತೆಗೆಯುವ ಮೆಥನಾಲ್‌ಗೇ ಶೇ. 0.1 ಫಾರ್ಮಿಕ್ ಆಮ್ಲ ಹಾಕಿ. ಅದೂ ಸಾಲದಿದ್ದರೆ ತುಸು ಆಸ್ಕಾರ್ಬಿಕ್ ಆಮ್ಲ. ಅದು ಆರಂಭದಲ್ಲೇ ಹೊರಬೀಳುವುದರಿಂದ ಅಡ್ಡ ಬರುವುದಿಲ್ಲ. ಕಂದು ಗಾಜಿನ ವಯಲ್, 4 ಡಿಗ್ರಿ ಸೆಲ್ಸಿಯಸ್. ಕಾಡುಮರದ ಮತ್ತು ಬಾಟಲಿ ಗಿಡದ ಮಾದರಿಗಳನ್ನು ಸಾಲಿನಲ್ಲಿ ಬೆರೆಸಿ ಹಾಕಿ, ಪ್ರತಿ ಹತ್ತು ಮಾದರಿಗೊಮ್ಮೆ ಸ್ಟ್ಯಾಂಡರ್ಡ್ ಬರಲಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಆದರೂ ಎಷ್ಟೋ ಕಡೆ ಯಾರೂ ಮಾಡುವುದಿಲ್ಲ.

ಫಿಲ್ಟರನ್ನೂ ಇಲ್ಲೇ ಪರೀಕ್ಷಿಸಿ. ನೈಲಾನ್ ಫಿಲ್ಟರ್ ಫಿನಾಲಿಕ್ ವಸ್ತುಗಳನ್ನು ಹೀರಿಕೊಳ್ಳುತ್ತದೆ. ಒಂದೇ ಸ್ಟ್ಯಾಂಡರ್ಡನ್ನು ಅರ್ಧ ಫಿಲ್ಟರ್ ಮಾಡಿ, ಅರ್ಧ ಹಾಗೇ ಇಂಜೆಕ್ಟ್ ಮಾಡಿ ಹೋಲಿಸಿ. ವ್ಯತ್ಯಾಸ ಕಂಡರೆ ಪಿಟಿಎಫ್‌ಇ ಅಥವಾ ಪಿವಿಡಿಎಫ್ ಫಿಲ್ಟರ್‌ಗೆ ಹೋಗಿ, ಮೊದಲ ಕೆಲವು ಹನಿಗಳನ್ನು ಚೆಲ್ಲಿಬಿಡಿ.

ಕಾಡುಮರದಲ್ಲಿ ಬೈಕಾಲೆಯಿನ್ ಜಾಸ್ತಿ, ಬಾಟಲಿ ಗಿಡದಲ್ಲಿ ಬೈಕಾಲಿನ್ ಜಾಸ್ತಿ

ಕೇಳಲು ಚಂದದ ಫಲಿತಾಂಶ. ಪ್ರಕಟಿಸುವ ಮೊದಲು ಬೇರು ಒಣಗಿದ್ದು ಹೇಗೆ ಎಂದು ಕೇಳಿಕೊಳ್ಳಿ.

ಇದೇ ಫ್ಲೇವನಾಯ್ಡ್‌ಗಳಿರುವ ಚೀನಾದ ಮೂಲಿಕೆ ಸ್ಕುಟೆಲೇರಿಯಾ ಬೈಕಾಲೆನ್ಸಿಸ್‌ನಲ್ಲಿ ಚೆನ್ನಾಗಿ ತಿಳಿದಿರುವ ಸಂಗತಿ: ಹಸಿ ಬೇರಿಗೆ ಗಾಯವಾದರೆ ಬೀಟಾ-ಗ್ಲುಕುರೋನಿಡೇಸ್ ಎಂಬ ಕಿಣ್ವ ಬೈಕಾಲಿನ್‌ನಿಂದ ಗ್ಲುಕುರೋನಿಕ್ ಆಮ್ಲವನ್ನು ಕತ್ತರಿಸಿ ಬೈಕಾಲೆಯಿನ್ ಮಾಡುತ್ತದೆ. ಆನೆಮುಂಗಿನ ಮಾದರಿಯಲ್ಲೂ ಇದನ್ನು ಮೊದಲು ತಳ್ಳಿಹಾಕಲೇಬೇಕು. ಕಾಡಿನಿಂದ ತಂದ ಬೇರು ಗೋಣಿಚೀಲದಲ್ಲಿ ಬಸ್ ಹತ್ತಿ, ಎರಡು ದಿನ ನೆರಳಿನಲ್ಲಿ ಬಾಡಿ, ಆಮೇಲೆ ಒಣಗಿರುತ್ತದೆ. ಕ್ಯಾಲಸ್ ಮಾತ್ರ ಬಾಟಲಿಯಿಂದ ನೇರ ದ್ರವ ಸಾರಜನಕಕ್ಕೆ ಹೋಗಿರುತ್ತದೆ. ಹೀಗಾದರೆ ನೀವು ಹೋಲಿಸುತ್ತಿರುವುದು ಎರಡು ಗಿಡಗಳನ್ನಲ್ಲ, ಎರಡು ಪ್ರಯಾಣಗಳನ್ನು.

ಪರೀಕ್ಷೆ ಸರಳ. ಒಂದೇ ಬೇರನ್ನು ಅಗೆದ ಜಾಗದಲ್ಲೇ ಎರಡು ಭಾಗ ಮಾಡಿ. ಒಂದನ್ನು ಅಲ್ಲೇ ದ್ರವ ಸಾರಜನಕಕ್ಕೆ, ಅದು ಸಿಗದಿದ್ದರೆ ಹಬೆಗೆ ಹಿಡಿದು ಕಿಣ್ವ ಸಾಯಿಸಿ. ಇನ್ನೊಂದು ಎಂದಿನಂತೆ ನೆರಳಿನಲ್ಲಿ ಒಣಗಲಿ. ಎರಡರ ಫಲಿತಾಂಶವನ್ನೂ ಮೋಲ್ ಲೆಕ್ಕಕ್ಕೆ ತನ್ನಿ, ಮಿಲಿಗ್ರಾಂನಲ್ಲಿ ಕೂಡಬೇಡಿ. ಬೈಕಾಲಿನ್‌ನ ಅಣುತೂಕ ಸುಮಾರು 446, ಬೈಕಾಲೆಯಿನ್‌ನದು 270. 1 ಮಿಲಿಗ್ರಾಂ ಬೈಕಾಲಿನ್ ಪೂರ್ತಿ ಮುರಿದರೆ ಸಿಗುವುದು 0.6 ಮಿಲಿಗ್ರಾಂ ಬೈಕಾಲೆಯಿನ್. ಎರಡೂ ಭಾಗಗಳಲ್ಲಿ ಮೋಲ್‌ಗಳ ಮೊತ್ತ ಒಂದೇ ಆಗಿ, ಪಾಲು ಮಾತ್ರ ಬದಲಾಗಿದ್ದರೆ ಕಿಣ್ವದ ಕೆಲಸ. ಮೊತ್ತವೇ ಕುಸಿದಿದ್ದರೆ ಆಕ್ಸಿಡೀಕರಣವೂ ಸೇರಿದೆ.

ಆಮ್ಲದಲ್ಲಿ ಕುದಿಸಿ ಎಲ್ಲವನ್ನೂ ಬೈಕಾಲೆಯಿನ್ ಮಾಡಿ ಅಳೆಯೋಣ ಎಂಬ ಅಡ್ಡದಾರಿ ಇಲ್ಲಿ ಒದಗುವುದಿಲ್ಲ. ಗ್ಲೂಕೋಸ್ ಅಂಟಿದ ಫ್ಲೇವನಾಯ್ಡ್‌ಗಳು ಆಮ್ಲಕ್ಕೆ ಸುಲಭವಾಗಿ ಬಿಡುತ್ತವೆ, ಗ್ಲುಕುರೋನೈಡ್‌ಗಳು ಬಿಡುವುದಿಲ್ಲ. ಪೂರ್ತಿ ಬಿಡಿಸುವಷ್ಟು ಕುದಿಸಿದರೆ ಬೈಕಾಲೆಯಿನ್ನೇ ಕೆಡುತ್ತದೆ.

ದ್ರವ ಸಾರಜನಕವನ್ನು ಬಿಗಿಮುಚ್ಚಳದ ಫ್ಲಾಸ್ಕಿನಲ್ಲಿ ಒಯ್ಯಬೇಡಿ, ಸಿಡಿಯುತ್ತದೆ. ಕಾರಿನೊಳಗೆ ಕಿಟಕಿ ಮುಚ್ಚಿ ಸಾಗಿಸಿದರೆ ಉಸಿರಾಡುವ ಗಾಳಿಯನ್ನೇ ಹೊರತಳ್ಳುತ್ತದೆ.

ಕ್ಯಾಲಸ್‌ನಲ್ಲಿ ಏನೂ ಕಾಣುತ್ತಿಲ್ಲ

ಮೊದಲ ಪ್ರಶ್ನೆ: ಲೆಕ್ಕ ಹಸಿತೂಕದ ಮೇಲೋ, ಒಣತೂಕದ ಮೇಲೋ? ಕ್ಯಾಲಸ್‌ನ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಇರಬಹುದು. ಒಣತೊಗಟೆಯ ಒಂದು ಗ್ರಾಂಗೂ ಹಸಿ ಕ್ಯಾಲಸ್‌ನ ಒಂದು ಗ್ರಾಂಗೂ ಹೋಲಿಕೆ ಸಲ್ಲದು. ಒಣತೂಕವೂ ಪೂರ್ತಿ ನಂಬುವಂಥದ್ದಲ್ಲ. ಮುರಾಶಿಗೆ–ಸ್ಕೂಗ್ ಮಾಧ್ಯಮದಲ್ಲಿ ಲೀಟರಿಗೆ ಸಾಮಾನ್ಯವಾಗಿ 30 ಗ್ರಾಂ ಸಕ್ಕರೆ ಹಾಕುತ್ತೇವೆ. ಅದು ಕ್ಯಾಲಸ್‌ಗೆ ಅಂಟಿ, ಒಳಗೂ ತುಂಬಿ, ಒಣಗಿದಾಗ ತೂಕದಲ್ಲಿ ಸೇರುತ್ತದೆ. ತಳದ ಅಗರ್ ಕತ್ತರಿಸಿ ತೆಗೆದು, ತಣ್ಣೀರಿನಲ್ಲಿ ಚುಟುಕಾಗಿ ಜಾಲಿಸಿ, ಒರೆಸಿ, ಫ್ರೀಜ್ ಡ್ರೈ ಮಾಡಿ. ಓವನ್‌ನಲ್ಲಿಟ್ಟರೆ ಸಕ್ಕರೆ ಪಾಕವಾಗಿ, ಪುಡಿ ಮಾಡಲೂ ಬಾರದ ಅಂಟುಂಡೆ ಆಗುತ್ತದೆ.

ಎರಡನೆಯದು: ಫ್ಲೇವನಾಯ್ಡ್ ಗಿಡದಲ್ಲಿಲ್ಲ, ಮಾಧ್ಯಮದಲ್ಲಿದೆಯೇ? ಕ್ಯಾಲಸ್ ಸುತ್ತಲಿನ ಅಗರ್ ಹಳದಿ ಅಥವಾ ಕಂದಾಗಿದ್ದರೆ ಆ ಮಾಧ್ಯಮವನ್ನೂ ಸಾರ ತೆಗೆದು ಇಂಜೆಕ್ಟ್ ಮಾಡಿ. ಕಂದುಬಣ್ಣ ತಡೆಯಲು ಸಕ್ರಿಯ ಇದ್ದಿಲು ಹಾಕಿದ್ದರೆ ಅದು ಹೊರಬಂದ ಫಿನಾಲಿಕ್‌ಗಳನ್ನೆಲ್ಲ ಹಿಡಿದಿಟ್ಟುಕೊಂಡಿರುತ್ತದೆ. ಇದ್ದಿಲಿನ ಚೂರು ಗಿಡದ ಜೊತೆ ಸಾರದೊಳಗೆ ಬಂದರೆ ಅಲ್ಲೂ ಅದೇ ಮಾಡುತ್ತದೆ.

ಮೂರನೆಯದು, ಏನನ್ನು ಏನಕ್ಕೆ ಹೋಲಿಸುತ್ತಿದ್ದೇವೆ ಎಂಬುದು. ಮಣ್ಣಿನಲ್ಲಿ ವರ್ಷಗಟ್ಟಲೆ ಬಲಿತ ಬೇರುತೊಗಟೆಗೂ ಆರು ವಾರದ ಕ್ಯಾಲಸ್‌ಗೂ ನೇರ ಹೋಲಿಕೆ ಅನ್ಯಾಯ. ಕ್ಯಾಲಸ್‌ಗೆ ತೊಗಟೆಯಿಲ್ಲ, ಮರಗಟ್ಟುವಿಕೆ ಇಲ್ಲ, ಬಿಸಿಲಿಲ್ಲ, ಕೀಟದ ಕಾಟವೂ ಇಲ್ಲ. ಫ್ಲೇವನಾಯ್ಡ್ ಮಾಡಲು ಗಿಡಕ್ಕೆ ಇರುವ ಎಷ್ಟೋ ಕಾರಣಗಳು ಬಾಟಲಿಯೊಳಗೆ ಇಲ್ಲವೇ ಇಲ್ಲ. ಬೇರಿಗೆ ಬೇರು, ಎಲೆಗೆ ಎಲೆ ಹೋಲಿಸಿ. ಸಾಧ್ಯವಿದ್ದರೆ ಬಾಟಲಿಯಿಂದ ಮಣ್ಣಿಗೆ ಇಳಿದು ಬೆಳೆದ ಗಿಡವನ್ನೂ, ಅದೇ ವಯಸ್ಸಿನ ಬೀಜದ ಸಸಿಯನ್ನೂ ಜೊತೆಗಿಡಿ. ಆ ಬೀಜದ ಸಸಿ ಇಲ್ಲದ ಅಧ್ಯಯನದಲ್ಲಿ ಕಂಡ ವ್ಯತ್ಯಾಸ ಬಾಟಲಿಯಿಂದ ಬಂತೋ ವಯಸ್ಸಿನಿಂದ ಬಂತೋ ಹೇಳಲು ಆಗುವುದಿಲ್ಲ.

ಈ ಮೂರೂ ದಾಟಿ ಪೀಕ್ ಇಲ್ಲದಿದ್ದರೆ, ಅದೇ ಸಾರಕ್ಕೆ ಗೊತ್ತಿರುವಷ್ಟು ಬೈಕಾಲೆಯಿನ್ ಸೇರಿಸಿ ಇಂಜೆಕ್ಟ್ ಮಾಡಿ. ಸೇರಿಸಿದ್ದು ಪೂರ್ತಿ ಕಂಡರೆ, ಕ್ಯಾಲಸ್‌ನಲ್ಲಿ ನಿಮ್ಮ ವಿಧಾನ ಹಿಡಿಯುವಷ್ಟು ಇಲ್ಲ ಎಂದು ಧೈರ್ಯವಾಗಿ ಬರೆಯಬಹುದು. ‘ಸೊನ್ನೆ’ ಎಂದು ಬರೆಯಬೇಡಿ. ಪತ್ತೆಯ ಮಿತಿಗಿಂತ ಕಡಿಮೆ ಎಂದು ಬರೆದು, ಆ ಮಿತಿ ಎಷ್ಟು ಎಂಬುದನ್ನೂ ಕೊಡಿ. ಬೇಸ್‌ಲೈನ್ ಸದ್ದಿನ ಮೂರು ಪಟ್ಟು ಎತ್ತರದ ಪೀಕ್ ಪತ್ತೆಯ ಮಿತಿ, ಹತ್ತು ಪಟ್ಟು ಅಳತೆಯ ಮಿತಿ ಎಂಬುದು ರೂಢಿ.

ಬಾಟಲಿ ಗಿಡದಲ್ಲಿ ಕಾಡುಮರದ ಹಲವು ಪಟ್ಟು ಬಂದಿದೆ

ಸಂತೋಷದ ಸುದ್ದಿ, ಅದಕ್ಕೇ ಹೆಚ್ಚು ಕಠಿಣವಾಗಿ ಪರೀಕ್ಷಿಸಬೇಕು. ಮೊದಲ ಸಂಶಯ ಸಾರ ತೆಗೆದ ರೀತಿಯ ಮೇಲೆ. ಮೆದು ಅಂಗಾಂಶ ಒಂದೇ ಸಲಕ್ಕೆ ಎಲ್ಲವನ್ನೂ ಬಿಟ್ಟುಕೊಡುತ್ತದೆ. ನಾರುಗಟ್ಟಿದ ತೊಗಟೆ ಬಿಡುವುದಿಲ್ಲ. ಕಾಡುಮರದ ಪುಡಿಯನ್ನು ಮೂರು ಸಲ ಸಾರ ತೆಗೆದು, ಬೆರೆಸದೆ, ಮೂರನ್ನೂ ಬೇರೆಬೇರೆಯಾಗಿ ಇಂಜೆಕ್ಟ್ ಮಾಡಿ. ಮೂರನೆಯದರಲ್ಲೂ ಗಣನೀಯ ಪೀಕ್ ಇದ್ದರೆ ಪುಡಿ ಇನ್ನೂ ನುಣ್ಣಗಾಗಬೇಕು ಅಥವಾ ಇನ್ನೊಂದು ಸುತ್ತು ಬೇಕು.

ಎರಡನೆಯ ಸಂಶಯ, ಒಂದು ಪೀಕ್‌ನ ಅಡಿಯಲ್ಲಿ ಇನ್ನೊಂದು. ಕ್ರೈಸಿನ್ ಮತ್ತು ಓರಾಕ್ಸಿಲಿನ್-ಎ ರನ್‌ನ ಕೊನೆಯಲ್ಲಿ ಒಂದರ ಪಕ್ಕ ಒಂದು ಬರುತ್ತವೆ. ಹಲವು ತರಂಗಾಂತರಗಳನ್ನು ಒಟ್ಟಿಗೆ ಓದುವ ಡಯೋಡ್ ಅರೇ ಡಿಟೆಕ್ಟರ್ ಇದ್ದರೆ ಪೀಕ್‌ನ ಏರು, ತುದಿ, ಇಳುಕಲಿನಲ್ಲಿ ಸ್ಪೆಕ್ಟ್ರಂ ಒಂದೇ ಇದೆಯೇ ನೋಡಿ. ಕ್ರೈಸಿನ್‌ನ ಗರಿಷ್ಠ 268 ನ್ಯಾನೊಮೀಟರ್ ಸುಮಾರು, ಬೈಕಾಲೆಯಿನ್‌ನದು 276ರ ಸುಮಾರು. ಡಯೋಡ್ ಅರೇ ಇಲ್ಲದವರು ಅದೇ ಮಾದರಿಯನ್ನು ಅಸಿಟೋನೈಟ್ರೈಲ್ ಬದಲು ಮೆಥನಾಲ್‌ನಲ್ಲಿ ಓಡಿಸಿ. ಎರಡು ದ್ರಾವಕಗಳಲ್ಲೂ ಅಂಕಿ ಒಂದೇ ಬಂದರೆ ಅರ್ಧ ನೆಮ್ಮದಿ. ಪೂರ್ತಿ ನೆಮ್ಮದಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಋಣ ಅಯಾನು ವಿಧಾನದಲ್ಲಿ ಬೈಕಾಲೆಯಿನ್ 269, ಕ್ರೈಸಿನ್ 253, ಓರಾಕ್ಸಿಲಿನ್-ಎ 283, ಬೈಕಾಲಿನ್ 445ರಲ್ಲಿ ಕಾಣುತ್ತವೆ. ಆದರೆ ವೋಗೋನಿನ್ ಎಂಬುದೂ 283ರಲ್ಲೇ ಕಾಣುವ ಸಮಾಂಗಿ, ಅಂದರೆ ಅಷ್ಟೇ ತೂಕದ, ರಚನೆ ಮಾತ್ರ ಬೇರೆಯಾದ ವಸ್ತು. ತೂಕ ಒಂದನ್ನೇ ನಂಬಿ ಓರಾಕ್ಸಿಲಿನ್-ಎ ಎಂದು ಬರೆಯುವಂತಿಲ್ಲ. ಸ್ಟ್ಯಾಂಡರ್ಡ್‌ನ ಸಮಯವೂ ಹೊಂದಬೇಕು.

ಮೂರನೆಯದು ಸಂಖ್ಯಾಶಾಸ್ತ್ರ. ಇಪ್ಪತ್ತು ಬಾಟಲಿಗಳು ಒಂದೇ ತಾಯಿಮರದಿಂದ ಬಂದಿದ್ದರೆ ಅವು ಇಪ್ಪತ್ತು ಗಿಡಗಳಲ್ಲ, ಒಂದೇ ಗಿಡ. ಅವುಗಳ ನಡುವಿನ ಏರುಪೇರು ಸಹಜವಾಗಿಯೇ ಕಡಿಮೆ, ಕಾಡಿನ ಮರಗಳ ನಡುವಿನದು ದೊಡ್ಡದು. ಹಲವು ತಾಯಿಮರಗಳಿಂದ ಬಂದ ಸಾಲುಗಳಿಲ್ಲದೆ ‘ಅಂಗಾಂಶ ಕೃಷಿ ಮೇಲು’ ಎಂಬ ತೀರ್ಮಾನಕ್ಕೆ ಆಧಾರವಿಲ್ಲ.

ಅಂಗಡಿಯಿಂದ ತಂದ ಬೇರಿನಲ್ಲಿ ನಾಲ್ಕೂ ಪೀಕ್ ಇಲ್ಲ

ಯಂತ್ರ ನೋಡುವ ಅಗತ್ಯವಿಲ್ಲ, ಬೇರನ್ನೇ ನೋಡಿ. ಶ್ಯೋನಾಕದ ಹೆಸರಿನಲ್ಲಿ ಐಲಾಂಥಸ್ ಎಕ್ಸೆಲ್ಸಾ ಮಾರಾಟವಾಗುವುದು ಹಳೆಯ ತೊಂದರೆ. ಹೋಲಿಕೆಗೆ ಗುರುತು ಖಚಿತವಾದ, ಹೂ ಅಥವಾ ಕತ್ತಿಯಾಕಾರದ ಕಾಯಿ ಸಹಿತ ಹರ್ಬೇರಿಯಂ ಮಾದರಿ ಮಾಡಿಟ್ಟ ಮರದ ಬೇರು ಮಾತ್ರ ಬಳಸಿ.

ಒಟ್ಟು ಫ್ಲೇವನಾಯ್ಡ್ ಪರೀಕ್ಷೆಗೂ ಎಚ್‌ಪಿಎಲ್‌ಸಿಗೂ ತಾಳೆಯಿಲ್ಲ

ತಾಳೆಯಾಗಬೇಕಿಲ್ಲ. ಅಲ್ಯುಮಿನಿಯಂ ಕ್ಲೋರೈಡ್ ಹಾಕಿ 415 ನ್ಯಾನೊಮೀಟರ್‌ನಲ್ಲಿ ಓದುವ ಪರೀಕ್ಷೆಗೆ ಎಲ್ಲ ಫ್ಲೇವನಾಯ್ಡ್‌ಗಳೂ ಒಂದೇ ಥರ ಬಣ್ಣ ಕೊಡುವುದಿಲ್ಲ. ಫಲಿತಾಂಶ ಕ್ವೆರ್ಸೆಟಿನ್ ಸಮಾನದಲ್ಲಿರುತ್ತದೆ, ಆನೆಮುಂಗಿನ ಮುಖ್ಯ ಫ್ಲೇವನಾಯ್ಡ್ ಕ್ವೆರ್ಸೆಟಿನ್ ಅಲ್ಲ. ಎರಡೂ ಅಂಕಿಗಳನ್ನು ಬೇರೆಬೇರೆ ಕೋಷ್ಟಕದಲ್ಲಿ ಕೊಡಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ಪ್ರೆಷರ್ ಯಂತ್ರದ ಮಿತಿ ಮುಟ್ಟಿ ಪಂಪು ತಾನಾಗಿ ನಿಂತರೆ ಮಿತಿ ಏರಿಸಿ ಮತ್ತೆ ಓಡಿಸಬೇಡಿ. ಪಂಪಿನಿಂದ ಕರಕರ ಸದ್ದು, ಡಿಟೆಕ್ಟರ್ ಒಳಗೆ ದ್ರಾವಕ ಸೋರಿಕೆ, ಸುಟ್ಟ ವಾಸನೆ – ಇವುಗಳಲ್ಲಿ ಯಾವುದು ಕಂಡರೂ ಮುಖ್ಯ ಸ್ವಿಚ್ ಆರಿಸಿ ಸರ್ವಿಸ್ ಎಂಜಿನಿಯರ್‌ಗೆ ಹೇಳಿ. ಡಿಟೆಕ್ಟರ್‌ನ ಹೊದಿಕೆ ಬಿಚ್ಚುವುದು ವಿದ್ಯಾರ್ಥಿಯ ಕೆಲಸವಲ್ಲ. ಪೀಕ್‌ನ ಗುರುತಿನ ಬಗ್ಗೆ ಸಂಶಯ ಉಳಿದರೆ ವಿಶ್ವವಿದ್ಯಾಲಯದ ಉಪಕರಣ ಕೇಂದ್ರ ಅಥವಾ ಬೆಂಗಳೂರಿನ ಸಿ-ಕ್ಯಾಂಪ್‌ನಂಥ ಮಾಸ್ ಸ್ಪೆಕ್ಟ್ರೋಮೆಟ್ರಿ ಸೌಲಭ್ಯ ಇರುವಲ್ಲಿ ಕೆಲವೇ ಆಯ್ದ ಮಾದರಿಗಳನ್ನು ಕೊಟ್ಟು ನೋಡಿಸಿ. ಎಲ್ಲ ಮಾದರಿ ಕಳಿಸಿ ಹಣ ಸುರಿಯುವ ಅಗತ್ಯವಿಲ್ಲ.

ಮೆಥನಾಲ್ ಒಳಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಅಸಿಟೋನೈಟ್ರೈಲ್ ದೇಹದೊಳಗೆ ಸಯನೈಡ್ ಆಗುತ್ತದೆ. ಚರ್ಮದ ಮೂಲಕವೂ ಇಳಿಯುತ್ತದೆ, ಲಕ್ಷಣ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ಮೈಮೇಲೆ ಹೆಚ್ಚು ಚೆಲ್ಲಿದರೆ, ಉಸಿರಿನಲ್ಲಿ ಎಳೆದುಕೊಂಡರೆ, ಆರಾಮಾಗಿದ್ದೇನೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಿ, ಏನು ಚೆಲ್ಲಿತೆಂದು ವೈದ್ಯರಿಗೆ ಹೇಳಿ. ಎರಡೂ ಬೇಗ ಹೊತ್ತಿಕೊಳ್ಳುವಂಥವು: ಬಿಸಿ ಮಾಡುವುದು ವಾಟರ್ ಬಾತ್ ಮೇಲೆ, ಫ್ಯೂಮ್ ಹುಡ್‌ನೊಳಗೆ, ಬೆಂಕಿ ಹತ್ತಿರವಿಲ್ಲದೆ. ಸಾನಿಕೇಟರ್ ಅರ್ಧ ಗಂಟೆಯಲ್ಲಿ ತಾನೇ ಬಿಸಿಯಾಗುತ್ತದೆ, ಟ್ಯೂಬಿನ ಮುಚ್ಚಳ ಬಿಗಿದಿದ್ದರೆ ಸಿಡಿಯಬಹುದು. ತ್ಯಾಜ್ಯದ ಕ್ಯಾನಿಗೆ ಗಾಳಿ ಹೋಗುವ ಮುಚ್ಚಳ ಹಾಕಿ, ಸಿಂಕಿಗೆ ಸುರಿಯಬೇಡಿ. ಯಂತ್ರದ ನಳಿಕೆ ತೊಳೆಯಲು ನೈಟ್ರಿಕ್ ಆಮ್ಲ ಬಳಸಿದ್ದರೆ ಅದನ್ನು ದ್ರಾವಕದ ಕ್ಯಾನಿಗೆ ಎಂದೂ ಸೇರಿಸಬೇಡಿ, ಸ್ಫೋಟವಾಗಬಹುದು.

ಕೊನೆಯದಾಗಿ ಮಾದರಿಯ ವಿಚಾರ. ಅಂಕಿ ಸರಿಬರಲಿಲ್ಲ ಎಂದು ಮತ್ತೆ ಕಾಡಿಗೆ ಹೋಗಿ ಇನ್ನೊಂದು ಬೇರು ಅಗೆಯುವುದು ಈ ಪಟ್ಟಿಯ ಮೇಲಿನ ಎಲ್ಲ ಪರೀಕ್ಷೆಗಳೂ ಮುಗಿದ ನಂತರದ ಮಾತು. ಕಾಡಿನೊಳಗಿನ ಸಂಗ್ರಹಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳೂ ಇವೆ. ತಾಯಿಬೇರನ್ನು ಮುಟ್ಟದೆ, ಒಂದು ಬದಿಯ ಕವಲುಬೇರಿನಿಂದ ಬೆರಳುದ್ದದ ತುಂಡು ತೆಗೆದು ಮಣ್ಣು ಮುಚ್ಚಿದರೆ ಒಂದು ಅಳತೆಗೆ ಸಾಕು. ಒಂದೆರಡು ಗ್ರಾಂ ಒಣಪುಡಿ ಇಡೀ ಸರಣಿಗೆ ಬರುತ್ತದೆ. ಉಳಿದ ಪುಡಿಯನ್ನು ಕಂದು ಬಾಟಲಿಯಲ್ಲಿ, ಸಿಲಿಕಾ ಜೆಲ್ ಜೊತೆ, ಮರದ ಸಂಖ್ಯೆ, ಸುತ್ತಳತೆ, ತಿಂಗಳು ಬರೆದು ಫ್ರೀಜರ್‌ನಲ್ಲಿಡಿ. ಮುಂದಿನ ಸಲ ಸಂಶಯ ಬಂದಾಗ ಗುದ್ದಲಿಯ ಬದಲು ಆ ಬಾಟಲಿಯನ್ನು ತೆಗೆಯಬಹುದು.